ಅಪ್ಪನ ತೇಗು

ಊಟದ ಮೇಜಿನಲ್ಲಿ ಅಪ್ಪ ತೇಗಿದಾಗ ಚಿಕ್ಕಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಬೇರೆ ಮನೆಗಳಲ್ಲಿ ಉಂಡ ಗಂಡಸು ತೇಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡ ಸುದ್ದಿ. ಹೊಟ್ಟೆಯ ಆಪರೇಷನ್ ಆಗಿ ಹತ್ತು ವರ್ಷದ ಮೇಲಾಗಿತ್ತು. ಅಲ್ಲಿಂದೀಚೆಗೆ ಅಪ್ಪನ ಬಾಯಿಂದ ಒಂದೇ ಒಂದು ತೇಗು ಬಂದಿರಲಿಲ್ಲ.

"ಅಂತೂ ಬಂತಪ್ಪಾ! ಇಷ್ಟು ವರ್ಷ ಒಳಗೇ ದಾರಿ ತಪ್ಪಿ ಅಲೀತಿತ್ತು, ಪಾಪ. ಅತ್ತಿಗೆ, ಏನಾದ್ರೂ ಸಿಹಿ ಇದ್ರೆ ತನ್ನಿ," ಎಂದ ಚಿಕ್ಕಪ್ಪ.

ಅಪ್ಪ ಮಾತ್ರ ನಗಲಿಲ್ಲ. ಚಮಚ ಕೆಳಗಿಟ್ಟು, ಎದೆಗೂಡು ಮುಗಿಯುವಲ್ಲಿ ಎರಡು ಬೆರಳು ಒತ್ತಿ ಹಿಡಿದು, ತಟ್ಟೆಯನ್ನೇ ನೋಡುತ್ತ ಕುಳಿತ. ಆ ಮುಖ ನನಗೆ ಗೊತ್ತು. ಬೆಂಕಿಯ ಮುಂದೆ ಕೆಲಸ ಮಾಡುವಾಗ ಎಲ್ಲೋ 'ಟಿಕ್' ಎಂದು ಸಣ್ಣ ಸದ್ದಾದರೆ ಅಪ್ಪ ಹೀಗೇ ಕೂರುತ್ತಾನೆ. ಗಾಜು ಬಿರುಕು ಬಿಟ್ಟಿದೆ, ಆದರೆ ಎಲ್ಲಿ ಅಂತ ಇನ್ನೂ ಕಂಡಿಲ್ಲ, ಆಗಿನ ಮುಖ ಅದು. ನನ್ನ ನಗು ಅರ್ಧಕ್ಕೇ ನಿಂತಿತು.

ಅಪ್ಪನ ಕಸುಬು ಗಾಜು ಊದುವುದು. ಹೂದಾನಿ, ಗೊಂಬೆ ಅಂತ ಯಾರಾದರೂ ಅಂದರೆ ಅವನಿಗೆ ಮೈ ಉರಿಯುತ್ತದೆ. ಅವನು ಮಾಡುವುದು ಪ್ರಯೋಗಾಲಯದ ಸಾಮಾನು: ಫ್ಲಾಸ್ಕು, ಸುರುಳಿ ಕೊಳವೆ, ಒಂದರೊಳಗೊಂದು ಕೂತ ನಳಿಗೆಗಳು. ಮನೆಯ ಕೆಳಗೇ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಉದ್ದನೆಯ ಕೋಣೆ, ಎರಡು ಬರ್ನರ್, ಒಂದು ಕುಲುಮೆ, ಗೋಡೆಗೆ ಒರಗಿಸಿದ ಕೊಳವೆಗಳು, ಅಷ್ಟೆ. ಎರಡೂ ಕೈಯಲ್ಲಿ ಕೊಳವೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತ, ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ಪೈಪಿನ ಮೂಲಕ ಅದರೊಳಗೆ ಉಸಿರು ತುಂಬುತ್ತಾನೆ. ಮೃದುವಾದ ಗಾಜು ಉಸಿರಿನಷ್ಟೇ ಉಬ್ಬುತ್ತದೆ. ಗಿರಾಕಿಗಳ ಬಾಯಲ್ಲಿ ಅವನು ಗಾಜಣ್ಣ. ಅಮ್ಮ ಮಾಲನ್ನು ಸುತ್ತಿ ಡಬ್ಬಿಗೆ ತುಂಬುತ್ತಾಳೆ, ಮಹಡಿಯ ಮೇಲಿರುವ ಚಿಕ್ಕಪ್ಪ ವ್ಯಾನಿನಲ್ಲಿ ತಲುಪಿಸುತ್ತಾನೆ. ನನ್ನದು ನೋಡುವ ಕೆಲಸ.

ಹೇಳುವುದಕ್ಕೆ ಸಸಾರ, ಆದರೆ ನೋಡುವ ಕೆಲಸ ಎಂದರೆ ಹುಡುಗಾಟವಲ್ಲ. ಊದಿ ಮುಗಿದ ಗಾಜು ಕಣ್ಣಿಗೆ ಚೆನ್ನಾಗೇ ಇರುತ್ತದೆ. ಒಂದು ಕಡೆ ಬೇಗ ಆರಿ ಇನ್ನೊಂದು ಕಡೆ ನಿಧಾನ ಆರಿದ್ದರೆ ಮಾತ್ರ ಒಳಗೆ ಬಿಗಿತ ಉಳಿಯುತ್ತದೆ. ಅಂಥ ಪಾತ್ರೆ ಕಪಾಟಿನಲ್ಲಿ ತಿಂಗಳುಗಟ್ಟಲೆ ತೆಪ್ಪಗೆ ಕೂತಿದ್ದು ಒಂದು ದಿನ ಯಾರೂ ಮುಟ್ಟದೆಯೇ ಒಡೆಯುತ್ತದೆ. ಅದಕ್ಕೇ ಕುಲುಮೆಯಲ್ಲಿಟ್ಟು ನಿಧಾನವಾಗಿ ತಣಿಸುವುದು, ಆಮೇಲೆ ನನ್ನ ಪೆಟ್ಟಿಗೆಯಲ್ಲಿಟ್ಟು ನೋಡುವುದು. ಪೆಟ್ಟಿಗೆಯಲ್ಲಿ ಒಂದು ದೀಪ, ಎದುರು ಬದುರಾಗಿ ತಂಪು ಕನ್ನಡಕದ ಗಾಜಿನಂಥ ಎರಡು ಕಪ್ಪು ಹಾಳೆ. ನಡುವೆ ಗಾಜಿಟ್ಟರೆ ಬಿಗಿತ ಇರುವ ಕಡೆ ಮಾತ್ರ ಬೆಳಕು ಹೊಳೆಯುತ್ತದೆ. ಬಿಗಿತ ಇಲ್ಲದಿದ್ದರೆ ಪೂರ್ತಿ ಕತ್ತಲು. ನಮ್ಮ ಮನೆಯಲ್ಲಿ ಕತ್ತಲು ಅಂದರೆ ಒಳ್ಳೆಯದು. ಹೊಳೆದ ಜಾಗದ ಮೇಲೆ ನಾನು ಕಪ್ಪು ಪೆನ್ನಿನಲ್ಲಿ ಇಂಟು ಮಾರ್ಕು ಹಾಕುತ್ತೇನೆ. ಅದು ಮತ್ತೆ ಕುಲುಮೆಗೆ ಹೋಗುತ್ತದೆ.

ಒಮ್ಮೆ ಅವಸರದಲ್ಲಿ ಚಿಕ್ಕಪ್ಪ ನನ್ನ ಇಂಟು ಮಾರ್ಕನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ ಒಂದು ಫ್ಲಾಸ್ಕನ್ನು ಸಾಗಹಾಕಿದ್ದ. ಅದು ಗಿರಾಕಿಯ ಕೈಯಲ್ಲಿ ಬಿಸಿ ಆಸಿಡ್ ತುಂಬಿಕೊಂಡು ಒಡೆಯಿತು. ಅಪ್ಪ ತಮ್ಮನನ್ನು ಅವತ್ತು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತು. ಅಂದಿನಿಂದ ಕಾರ್ಖಾನೆಯಲ್ಲಿ ಒಂದೇ ಕಾನೂನು. ಇಂಟು ಹಾಕಿದವರೇ ಅದನ್ನು ಅಳಿಸಬೇಕು, ಅದೂ ಮತ್ತೆ ನೋಡಿ ಕತ್ತಲು ಕಂಡಮೇಲೆ. ಅಪ್ಪ ಊದಿದ್ದೇ ಆದರೂ ಸರಿ.

ಇನ್ನು ಆಪರೇಷನ್ ವಿಷಯ. ನಾನು ಚಿಕ್ಕವಳಿದ್ದಾಗಿನಿಂದಲೂ ಅಪ್ಪನ ಎದೆಯಲ್ಲಿ ಉರಿ. ಹೊಟ್ಟೆಯ ಹುಳಿ ಮೇಲಕ್ಕೆ ನುಗ್ಗುತ್ತಿತ್ತು. ಬರ್ನರ್ ಮೇಲೆ ಬಗ್ಗಿ ಊದುವಾಗಲಂತೂ ಗಂಟಲಿಗೇ ಬಂದು, ಅವನು ಪೈಪು ಉಗುಳಿ ಸಿಂಕಿಗೆ ಓಡುತ್ತಿದ್ದ. ಹಲ್ಲುಗಳ ಒಳಬದಿ ಸವೆದಿತ್ತು, ದನಿ ಒಡೆದಿತ್ತು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟುಕೊಂಡು ಇಳಿಜಾರಿನಲ್ಲಿ ಮಲಗುತ್ತಿದ್ದ. ಅಮ್ಮ ಬೆಳಗಾಗುವುದರೊಳಗೆ ಕಾಲ ಕಡೆಗೆ ಜಾರಿರುತ್ತಿದ್ದಳು. ಮಾತ್ರೆಗಳು ಕೈ ಚೆಲ್ಲಿದಮೇಲೆ ಡಾಕ್ಟರು ಆಪರೇಷನ್ ಎಂದರು. ಹೊಟ್ಟೆಯ ಮೇಲ್ತುದಿಯನ್ನು ಎಳೆದು, ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ, ಅನ್ನನಾಳದ ಕೆಳತುದಿಗೆ ಸುತ್ತಿ ಹೊಲಿಯುವುದು. ಕೆಳಗಿನದು ಮತ್ತೆ ಮೇಲೆ ಬರದ ಹಾಗೆ.

ಡಾಕ್ಟರು ಕೂರಿಸಿ ಮಾತಾಡಿದ ದಿನ ಹೋದದ್ದು ಅಪ್ಪ, ಅಮ್ಮ ಇಬ್ಬರೇ. ಕುಲುಮೆ ಹೊತ್ತಿಸಿದರೆ ಒಬ್ಬರು ಕಾಯಲೇಬೇಕು, ನಾನು ಉಳಿದೆ. ಮನೆಗೆ ಬಂದವನನ್ನು ಕೇಳಿದೆ. "ಏನಂದ್ರು?"

"ಸುತ್ತಿ ಹೊಲಿದ್ರೆ ರಿಪೇರಿ ಆಗುತ್ತೆ ಅಂದ್ರು," ಎಂದ ಅಪ್ಪ. ಅಮ್ಮ ಒಳಗೆ ಹೋಗಿ ನೀರು ಕಾಯಲಿಟ್ಟಳು.

ರಿಪೇರಿ ಆಯಿತು ಕೂಡ. ಆಪರೇಷನ್ ಆದ ಮೊದಮೊದಲು ಗಂಜಿಯಂಥದ್ದೇ ಊಟ, ಆಮೇಲೆ ಮೆಲ್ಲಗೆ ಎಲ್ಲವೂ. ಉರಿ ಮಾಯ. ಮಂಚದ ಇಟ್ಟಿಗೆಗಳು ಅಂಗಳಕ್ಕೆ ಹೋಗಿ ಅಮ್ಮನ ಹೂಕುಂಡಗಳಿಗೆ ಪೀಠವಾದವು. ಅಪ್ಪ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದು ಕೈ ಝಾಡಿಸಿಕೊಂಡ. ಆ ಮೇಲಿನ ವರ್ಷಗಳಲ್ಲಿ ಅವನು ಊದಿದಷ್ಟು ಚೆಂದದ ಗಾಜನ್ನು ಅದಕ್ಕೆ ಮುಂಚೆ ಊದಿರಲಿಲ್ಲ.

ಒಂದೇ ತೊಂದರೆ. ತೇಗು ಬರುತ್ತಿರಲಿಲ್ಲ, ಗಾಳಿ ಕೆಳಗಿನ ದಾರಿ ಹಿಡಿಯಿತು. "ಅಣ್ಣ ದಿನವಿಡೀ ಊದೋದೇ ಕೆಲಸ, ಮೇಲಿಂದಾದ್ರೇನು ಕೆಳಗಿಂದಾದ್ರೇನು," ಎಂದು ಚಿಕ್ಕಪ್ಪ ಹೇಳದ ದಿನವಿಲ್ಲ. ಇನ್ನೊಂದು ತೊಂದರೆಯ ಬಗ್ಗೆ ಮಾತ್ರ ಅವನೂ ತಮಾಷೆ ಮಾಡುತ್ತಿರಲಿಲ್ಲ. ಒಮ್ಮೆ ಯಾರದೋ ಮನೆಯ ಔತಣದಲ್ಲಿ ಹಳಸಿದ್ದೇನನ್ನೋ ತಿಂದು ನಾವೆಲ್ಲ ವಾಂತಿ ಮಾಡಿಕೊಂಡು ಹಗುರಾದೆವು. ಅಪ್ಪನಿಗೆ ವಾಂತಿಯಾಗಲಿಲ್ಲ. ಮೈಯೆಲ್ಲ ಬೆವತು, ಗೋಡೆ ಹಿಡಿದು, ಬಾಯಿ ತೆರೆದು ಉಬ್ಬಳಿಸಿ ಉಬ್ಬಳಿಸಿ ಸುಸ್ತಾದ, ಒಂದು ಹನಿಯೂ ಹೊರಗೆ ಬರಲಿಲ್ಲ. ಹೊಲಿಗೆ ಅಷ್ಟು ಗಟ್ಟಿ. ಆ ದಿನ ಅವನನ್ನು ನೋಡಿ ನನಗೆ ಮೊದಲ ಬಾರಿ ಹೆದರಿಕೆಯಾಗಿತ್ತು.

ಅಂಥ ಹೊಲಿಗೆ ದಾಟಿ ಈಗ ತೇಗು ಬಂದಿತ್ತು. ಚಿಕ್ಕಪ್ಪ ಸಿಹಿ ಕೇಳುತ್ತಿದ್ದ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಾರ್ಖಾನೆ ಗುಡಿಸುವಾಗ ಅಪ್ಪನ ಊದುವ ಪೈಪಿನ ತುದಿ ನನ್ನ ಕಣ್ಣಿಗೆ ಬಿತ್ತು. ಅವನು ತುಟಿಯಲ್ಲಿ ಕಚ್ಚಿಕೊಳ್ಳುವ ಜಾಗದಲ್ಲಿ ಸುತ್ತಲೂ ಬಿಳಿಯ ಗೆರೆ ಒಣಗಿತ್ತು. ಮೂಸಿದೆ. ಪುದೀನದ ವಾಸನೆ. ಉರಿಗೆ ಕುಡಿಯುವ ಬಿಳಿ ಔಷಧಿಯ ವಾಸನೆಯನ್ನು ನಾನು ಹೇಗೆ ಮರೆಯಲಿ, ನನ್ನ ಬಾಲ್ಯವೇ ಆ ವಾಸನೆಯಲ್ಲಿ ಕಳೆದದ್ದು.

"ಏನಪ್ಪಾ ಇದು?"

"ಟೂತ್‌ಪೇಸ್ಟು."

"ಟೂತ್‌ಪೇಸ್ಟ್ ತಿಂದು ಕೆಲಸಕ್ಕೆ ಕೂರ್ತೀಯಾ?"

"ಕುಲುಮೆ ಬಾಗಿಲು ತೆಗೀಬೇಡ, ಪುಟ್ಟಿ," ಎಂದ ಅಪ್ಪ. ತಣಿಯುವ ಮೊದಲೇ ಬಾಗಿಲು ತೆಗೆದು ಇಣುಕಿದರೆ ಒಳಗಿನ ಗಾಜೆಲ್ಲ ಸೀಳುತ್ತದೆ, ನಿಜ. ಆದರೆ ಅಪ್ಪ ಆ ಮಾತನ್ನು ತನಗೆ ಬೇಡದ ಪ್ರತಿಯೊಂದು ಪ್ರಶ್ನೆಗೂ ಉತ್ತರವಾಗಿ ಬಳಸುತ್ತಿದ್ದ. ಮದುವೆಗೆ ಮುಂಚಿನ ವಿಷಯವನ್ನು ಅಮ್ಮ ಕೇಳಿದಾಗಲೂ ಇದೇ ಉತ್ತರ ಬಂದಿತ್ತಂತೆ. ನಾನು ಪೊರಕೆ ಎಸೆದು ಹೊರಗೆ ಹೋದೆ.

ಅಂಗಳದಲ್ಲಿ ಹೂಕುಂಡಗಳು ನೆಲದ ಮೇಲೆ ಕೂತಿದ್ದವು. ಇಟ್ಟಿಗೆಗಳು ಇರಲಿಲ್ಲ.

ಮಂಚದ ಕೆಳಗೆ ಬಗ್ಗಿ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ನಾಲ್ಕೂ ಅಲ್ಲಿದ್ದವು. ಒಂದರ ಬದಿಯಲ್ಲಿ ಪಾಚಿ ಇನ್ನೂ ಹಸಿಯಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅವರೇ ತಂದು ಇಟ್ಕೊಂಡ್ರು. ನಾನೇನೂ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಹೇಳ್ತಾರಾ? ನಿನ್ನ ಅಪ್ಪನ್ನ ನೀನು ಇವತ್ತು ನೋಡ್ತಿದ್ದೀಯಾ?" ಅಮ್ಮನ ದನಿಯಲ್ಲಿ ಸಿಡುಕಿತ್ತು. ಕಣ್ಣು ಮಾತ್ರ ಆ ಇಟ್ಟಿಗೆಗಳನ್ನು ಬಿಟ್ಟು ಕದಲಲಿಲ್ಲ.

ಡಾಕ್ಟರ ಹತ್ತಿರ ಹೋಗು ಎಂದು ನಾನು ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು. ಈ ಆರ್ಡರ್ ಮುಗಿಯಲಿ, ಆ ಆರ್ಡರ್ ಮುಗಿಯಲಿ. ನಮ್ಮ ಕಸುಬಿನಲ್ಲಿ ಆರ್ಡರ್ ಯಾವತ್ತು ಮುಗಿದಿದೆ? ಹೀಗೇ ಚಳಿಗಾಲ ಬಂದು ಹೋಯಿತು. ಆಮೇಲೆ ಒಂದು ದಿನ ಅಪ್ಪ ಸಿಳ್ಳೆ ಹಾಕುತ್ತ ಇಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ಅಂಗಳಕ್ಕೆ ತಂದ. ಹೂಕುಂಡಗಳನ್ನು ಎತ್ತಿ ಅವುಗಳ ಮೇಲೆ ಕೂರಿಸಿದ.

"ನೋಡಿದ್ಯಾ? ಉರಿ ತಾನಾಗೇ ಹೋಯ್ತು. ಒಂದು ಹನಿ ಔಷಧಿ ಬೇಕಿಲ್ಲ ಈಗ. ನಿನ್ನ ಮಾತು ಕೇಳಿ ಹೋಗಿದ್ರೆ ಡಾಕ್ಟರು ಮತ್ತೆ ಕತ್ತರಿ ಹಿಡ್ಕೊಂಡು ಕೂರ್ತಿದ್ರು."

ಚಿಕ್ಕಪ್ಪ ಅಣ್ಣನ ಬೆನ್ನು ತಟ್ಟಿದ. ಅಮ್ಮ ಎಷ್ಟೋ ದಿನದ ಮೇಲೆ ಹಾಡು ಗುನುಗುತ್ತ ಡಬ್ಬಿ ಕಟ್ಟಿದಳು. ನಾನು ಪೈಪಿನ ತುದಿ ನೋಡಿದೆ. ಬಿಳಿ ಗೆರೆ ಇರಲಿಲ್ಲ. ಸಂತೋಷ ಪಡಬೇಕೆಂದು ಪ್ರಯತ್ನಿಸಿದೆ, ಎರಡು ದಿನ ಪಟ್ಟೆ ಕೂಡ.

ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಬ್ರೆಡ್ಡನ್ನು ಹರಿಯುವುದನ್ನು ನೋಡಿದೆ. ಗುಬ್ಬಿಗೆ ಹಾಕುವಷ್ಟು ಸಣ್ಣ ಚೂರು. ಒಂದು ಚೂರು, ಅದನ್ನು ಅಗಿದು ಅಗಿದು, ಮೇಲೆ ಒಂದು ಗುಟುಕು ನೀರು. ಮತ್ತೊಂದು ಚೂರು, ಮತ್ತೆ ನೀರು. ನುಂಗುವಾಗ ಗದ್ದ ಸ್ವಲ್ಪ ಮೇಲೆತ್ತಿ, ಯಾರೋ ಕರೆದರೇನೋ ಎಂಬಂತೆ ಕಿಟಕಿ ಕಡೆ ನೋಡುತ್ತಿದ್ದ. ನಾವೆಲ್ಲ ಎದ್ದಮೇಲೂ ಅವನ ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು. ಕೆಲವೇ ವಾರಗಳಲ್ಲಿ ಬ್ರೆಡ್ಡು ಸೂಪಿನಲ್ಲಿ ಮುಳುಗಿತು, ಆಮೇಲೆ ಬರೀ ಸೂಪು ಉಳಿಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ.

"ಅಣ್ಣ ಈಗ ಹೀರೋ ಥರ ಆಗಿದ್ದಾನೆ," ಎಂದ ಚಿಕ್ಕಪ್ಪ. ಯಾರೂ ನಗಲಿಲ್ಲ.

ಆ ವಾರ ಆಸ್ಪತ್ರೆಯ ಲ್ಯಾಬಿಗೆ ಮಾಲು ಹೋಗುವುದಿತ್ತು. ನಾನೂ ವ್ಯಾನಿನಲ್ಲಿ ಹೋದೆ. ಅಪ್ಪನ ಆಪರೇಷನ್ ಮಾಡಿದ ಡಾಕ್ಟರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ವಿಭಾಗದಲ್ಲಿ ಈಗ ಒಬ್ಬ ಡಾಕ್ಟರಮ್ಮ ಇದ್ದರು, ವಯಸ್ಸಿನಲ್ಲಿ ನನ್ನಷ್ಟೇ. ಕಾರಿಡಾರಿನಲ್ಲೇ ಅವರನ್ನು ತಡೆದು ಎಲ್ಲ ಹೇಳಿದೆ. ನಡೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದವರು ಉರಿ ತಾನಾಗೇ ಹೋಯಿತು ಎಂದಾಗ ನಿಂತರು.

"ಔಷಧಿ ಇಲ್ದೇನೆ?"

"ಹೌದು. ಅದು ಒಳ್ಳೇದಲ್ವಾ ಡಾಕ್ಟ್ರೇ?"

"ಹುಳಿ ಬಿದ್ದೂ ಬಿದ್ದೂ ಅನ್ನನಾಳದ ಒಳಪದರವೇ ಬದಲಾಗಿಬಿಡುತ್ತೆ ಕೆಲವರಲ್ಲಿ. ಬದಲಾದ ಪದರಕ್ಕೆ ಉರಿ ಅಷ್ಟು ಗೊತ್ತಾಗಲ್ಲ. ಅದು ನಿಮ್ಮ ತಂದೆಗೆ ಆಗಿದೆ ಅಂತ ನಾನು ಹೇಳ್ತಿಲ್ಲ." ಅವರು ನನ್ನ ತೋಳು ಮುಟ್ಟಿದರು. "ಆದ್ರೆ ತುತ್ತು ಸಿಕ್ಕಿಹಾಕ್ಕೊಳ್ತಿದೆ, ತೂಕ ಇಳೀತಿದೆ ಅಂದ್ರಲ್ಲ. ಇನ್ನು ಮೀನಮೇಷ ಎಣಿಸಬೇಡಿ. ಕರ್ಕೊಂಡು ಬನ್ನಿ."

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಅಪ್ಪ ಕೆರಳಿದ. ನನ್ನ ಹೊಟ್ಟೆ ವಿಷಯ ಬೀದಿಯಲ್ಲಿ ಹಂಚಿಕೊಂಡು ಬಂದೆಯಾ ಎಂದ. ನಾನೂ ಅವನ ಮಗಳೇ, ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದು ಅಂದೆ. ಆ ದಿನ ಮಧ್ಯಾಹ್ನ ಊಟದಲ್ಲಿ, ಹಟಕ್ಕೆ, ನನ್ನನ್ನೇ ದುರುಗುಟ್ಟಿ ನೋಡುತ್ತ, ಬೇಯಿಸಿದ ಮೊಟ್ಟೆಯ ಅರ್ಧವನ್ನು ಅಪ್ಪ ಒಮ್ಮೆಗೇ ಬಾಯಿಗೆ ಹಾಕಿಕೊಂಡ.

ಅದು ಇಳಿಯಲಿಲ್ಲ. ಮೇಲಕ್ಕೂ ಬರಲಿಲ್ಲ. ಅಪ್ಪ ಎದ್ದು ಸಿಂಕಿನ ಅಂಚು ಹಿಡಿದು ನಿಂತ. ಎಂಜಲು ನೂಲಿನಂತೆ ಇಳಿಬಿತ್ತು, ಕಣ್ಣಲ್ಲಿ ನೀರು ಸುರಿಯಿತು. ಅಮ್ಮ ಬೆನ್ನು ನೀವುತ್ತ "ರೀ, ರೀ" ಎನ್ನುವುದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಕೊನೆಗೆ ಅದು ಎಲ್ಲಿಗೋ ಜಾರಿತು. ಅಪ್ಪ ಮುಖ ತೊಳೆದು, ಯಾರ ಕಡೆಗೂ ನೋಡದೆ, ಕಾರ್ಖಾನೆಗೆ ಇಳಿದು ಹೋದ.

ನಾನು ಹಿಂದೆಯೇ ಹೋದೆ. ಬರ್ನರ್ ಹೊತ್ತಿಸಲು ಹೊರಟಿದ್ದ. ಪೆನ್ನು ನನ್ನ ಜೇಬಿನಲ್ಲೇ ಇರುತ್ತದೆ. ಅವನ ಮುಂದೆ ನಿಂತು, ಎದೆಗೂಡು ಮುಗಿಯುವಲ್ಲಿ, ಅವನು ಆವತ್ತು ಎರಡು ಬೆರಳು ಒತ್ತಿಕೊಂಡಿದ್ದ ಜಾಗದಲ್ಲಿ, ಏಪ್ರನ್ನಿನ ಮೇಲೆ ದೊಡ್ಡದಾಗಿ ಇಂಟು ಮಾರ್ಕು ಹಾಕಿದೆ. ಒಂದು ಗೆರೆ ಸೊಟ್ಟಗಾಯಿತು.

"ಏನೇ ಇದು?"

"ಇದು ಹೊರಗೆ ಹೋಗಲ್ಲ. ನಾನು ಪಾಸ್ ಮಾಡಿಲ್ಲ."

ಅಪ್ಪ ಸ್ಪಿರಿಟ್ ಬಟ್ಟೆಗೆ ಕೈ ಹಾಕಿದ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ, "ಅಣ್ಣಾ, ಹಾಕಿದೋರೇ ಅಳಿಸಬೇಕು. ನನ್ನನ್ನ ಬೈದಿದ್ದು ಮರೆತ್ಯಾ?" ಎಂದ.

ಅಪ್ಪ ಬಟ್ಟೆಯನ್ನು ಮಡಚಿ ಮೊದಲಿದ್ದ ಜಾಗದಲ್ಲಿಟ್ಟು, ಗ್ಯಾಸಿನ ತಿರುಪು ಮುಚ್ಚಿದ.

ಕ್ಯಾಮೆರಾ ಹಾಕಿ ನೋಡಿದ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ಗೋಡೆಯ ಬಣ್ಣ, ಕುರ್ಚಿಯ ಬಣ್ಣ, ಪರದೆಯ ಬಣ್ಣ ಎಲ್ಲ ಒಂದೇ ತಿಳಿ ಹಸಿರು. ಹೊಟ್ಟೆಯ ಸುತ್ತು ಸಡಿಲಾಗಿದೆ, ಹೊಟ್ಟೆಯ ಒಂದು ಭಾಗ ಎದೆಯೊಳಕ್ಕೆ ಸರಿದಿದೆ ಎಂದರು. ಇಷ್ಟು ವರ್ಷದ ಮೇಲೆ ಕೆಲವರಿಗೆ ಹಾಗಾಗುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ, ಸುತ್ತು ಸಡಿಲಾದರೆ ಮಾತ್ರೆಯಲ್ಲೋ ಇನ್ನೊಂದು ಆಪರೇಷನ್ನಿನಲ್ಲೋ ಸರಿ ಮಾಡಬಹುದು. "ಸುತ್ತು ಬಿಚ್ಚಿರೋದು ನನಗೆ ಚಿಂತೆ ಅಲ್ಲ," ಎಂದು ಸ್ವಲ್ಪ ತಡೆದು, "ಅದರ ಮೇಲುಗಡೆ ಒಂದು ಗಡ್ಡೆ ಇದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀನಿ. ಆದ್ರೆ ಗಡ್ಡೆ ನೋಡೋಕೇ ಚೆನ್ನಾಗಿಲ್ಲ," ಎಂದರು.

ಡಾಕ್ಟರಮ್ಮ ಅಪ್ಪನ ಹಳೆಯ ಫೈಲು ತೆರೆದರು.

"ಆಪರೇಷನ್‌ಗೆ ಮುಂಚೆನೇ ಒಳಪದರ ಬದಲಾಗೋಕೆ ಶುರುವಾಗಿತ್ತಲ್ಲ? ಸುತ್ತು ಹಾಕಿದ್ರೂ ಬದಲಾದ ಪದರ ಹಾಗೇ ಇರುತ್ತೆ. ಉರಿ ಇರ್ಲಿ ಬಿಡ್ಲಿ, ಕೆಲವು ವರ್ಷಕ್ಕೊಮ್ಮೆ ಬಂದು ನೋಡಿಸ್ಕೊಳ್ಳಿ ಅಂತ ಹೇಳಿರ್ಬೇಕು ನಿಮಗೆ. ಇದು ಚಿಕ್ಕದಿದ್ದಾಗ ಸಿಕ್ಕಿದ್ರೆ ಕ್ಯಾಮೆರಾ ಪೈಪಲ್ಲೇ ಕೆರೆದು ತೆಗೀಬಹುದಿತ್ತು."

ನಾನು ಅಪ್ಪನ ಕಡೆ ತಿರುಗಿದೆ. ಅವನು ಏಪ್ರನ್ ಇಲ್ಲದ ತನ್ನ ಎದೆಯನ್ನು ನೋಡಿಕೊಳ್ಳುತ್ತಿದ್ದ. ಅಮ್ಮನ ಕಡೆ ನೋಡಿದೆ. ಅಮ್ಮ ನೆಲ ನೋಡುತ್ತಿದ್ದಳು.

"ಹೇಳಿದ್ರು," ಎಂದ ಅಪ್ಪ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. ಸುತ್ತಲೂ ಜನ ಇದ್ದರೂ ಕೂಗಿಬಿಟ್ಟೆ. "ಚೆನ್ನಾಗಿ ಕಾಣೋದನ್ನೇ ಪೆಟ್ಟಿಗೆಯಲ್ಲಿಟ್ಟು ನೋಡ್ಬೇಕು ಅಂತ ನಂಗೆ ಕಲಿಸಿದ್ದು ಯಾರು? ಹತ್ತು ವರ್ಷ! ಒಂದು ಚೂರು ಕೊಳವೆ ಕೂಡ ನೋಡದೆ ಹೊರಗೆ ಕಳಿಸ್ದೋನಲ್ಲ ನೀನು!"

ಅಪ್ಪನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಗಾಜಿಗೆ ನೀನು ಇಂಟು ಹಾಕಿದ್ರೆ ನಾನು ಮತ್ತೆ ಕಾಯಿಸ್ತೀನಿ, ಸರಿಹೋಗುತ್ತೆ," ಎಂದ ಮೆಲ್ಲಗೆ. "ನನಗೆ ಹಾಕಿದ್ರೆ ಅನ್ನನಾಳನೇ ಕಿತ್ತು ತೆಗೀತಾರಂತೆ ಪುಟ್ಟಿ. ಆವತ್ತೇ ಅಂದಿದ್ರು ಆ ಡಾಕ್ಟರು, ಮುಂದೆ ಕೆಟ್ಟರೆ ಹಾಗೆ ಅಂತ. ಆಮೇಲೆ ನಾನು ಏನು ಊದ್ಲಿ? ಉರಿ ಇರ್ಲಿಲ್ಲ. ಚೆನ್ನಾಗಿದ್ದೆ. ಬಾಗಿಲು ತೆಗೆದು ನೋಡೋಕೆ ಧೈರ್ಯ ಬರ್ಲಿಲ್ಲ."

ಅಮ್ಮ ಅವನ ಕೈ ಹಿಡಿದುಕೊಂಡಳು. "ಪ್ರತಿ ವರ್ಷ ಹೇಳ್ತಿದ್ದೆ. ಮುಂದಿನ ವರ್ಷ ಅಂತಿದ್ರು. ಆಮೇಲೆ ನಾನೂ ಹೇಳೋದು ಬಿಟ್ಟೆ," ಎಂದಳು. ಅವಳು ಅತ್ತಿದ್ದು ಆಗಲೇ. ನಾನು ಎದ್ದು ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತೆ. ಅಪ್ಪನ ಭುಜದಲ್ಲಿ ಮೂಳೆ ತಾಗಿತು.

ಚೂರಿನ ಪರೀಕ್ಷೆ ಕ್ಯಾನ್ಸರ್ ಎಂದಿತು. ಅಷ್ಟು ಹೊತ್ತಿಗೆ ನಮಗೆ ಅದು ಹೊಸದಾಗಿ ಕೇಳಿಸಲಿಲ್ಲ. ಇನ್ನು ಉಳಿದಿದ್ದು ಒಂದೇ ಪ್ರಶ್ನೆ. ಡಾಕ್ಟರಮ್ಮ ಬಿಚ್ಚಿ ಹೇಳಿದರು: ಇದು ಇಲ್ಲೊಂದೇ ಕಡೆ ಇದ್ದರೆ ದೊಡ್ಡ ಆಪರೇಷನ್ ಮಾಡಿ ತೆಗೆಯಬಹುದು, ಅಪ್ಪ ಬದುಕಬಹುದು, ನಿಧಾನವಾಗಿ ಊದಲೂಬಹುದು. ಬೇರೆ ಕಡೆಗೂ ಹರಡಿದ್ದರೆ ಆಪರೇಷನ್‌ನಿಂದ ಉಪಯೋಗವಿಲ್ಲ, ಇರುವಷ್ಟು ದಿನ ನೋವಿಲ್ಲದ ಹಾಗೆ ನೋಡಿಕೊಳ್ಳಬಹುದು. ಅದನ್ನು ತಿಳಿಯಲು ಇಡೀ ಮೈಯ ಸ್ಕ್ಯಾನ್.

"ಒಂದು ಔಷಧಿ ಚುಚ್ತಾರೆ. ಕಾಯಿಲೆ ಇರೋ ಕಡೆ ಅದು ಹೋಗಿ ಕೂತ್ಕೊಂಡು ಹೊಳೆಯುತ್ತೆ. ಇಲ್ಲದ ಕಡೆ ಕತ್ತಲು."

"ನಮ್ಮ ಪೆಟ್ಟಿಗೆ ಹಾಗೇ," ಎಂದ ಅಪ್ಪ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಅವರು ಮುಗುಳ್ನಕ್ಕು, "ಹಾಗಾದ್ರೆ ನಿಮಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಮಿದುಳು, ಹೃದಯ, ಮೂತ್ರಚೀಲ ಎಲ್ಲರಲ್ಲೂ ಹೊಳೆಯುತ್ತೆ. ಅದು ನೋಡಿ ಗಾಬರಿ ಬೀಳಬೇಡಿ," ಎಂದರು.

ಸ್ಕ್ಯಾನ್ ಆಗುವವರೆಗೆ ಅಪ್ಪ ಕೆಲಸ ನಿಲ್ಲಿಸಲಿಲ್ಲ. ಇಂಟು ಮಾರ್ಕಿನ ಏಪ್ರನ್ನನ್ನೇ ಹಾಕಿಕೊಂಡು ಕೂರುತ್ತಿದ್ದ. ಬೇರೆಯದು ಕೊಡುತ್ತೇನೆ ಎಂದರೆ ಬೇಡ ಎಂದ. ಅವನ ಉಸಿರು ಕಡಿಮೆಯಾಗಿತ್ತು, ಊದುವಾಗ ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದ. ಆದರೂ ಅವನು ಮಾಡಿದ ಒಂದೊಂದನ್ನೂ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಕತ್ತಲೋ ಕತ್ತಲು. ಒಂದಕ್ಕೂ ನಾನು ಪೆನ್ನು ತೆಗೆಯಬೇಕಾಗಲಿಲ್ಲ. ಚಿಕ್ಕಪ್ಪ ಅದನ್ನೇ ಒಳ್ಳೆಯ ಸೂಚನೆ ಎಂದುಕೊಂಡು ಅಮ್ಮನಿಗೆ ಹೇಳಿದ, ಅಮ್ಮ ನಂಬಿದಳು. ನಿಜ ಹೇಳಬೇಕೆಂದರೆ ನಾನೂ ನಂಬಿದೆ.

ಫಲಿತಾಂಶದ ದಿನ ಡಾಕ್ಟರಮ್ಮ ಮೂರು ಕುರ್ಚಿಗಳನ್ನು ತಮ್ಮ ಮೇಜಿನ ಹತ್ತಿರಕ್ಕೆ ಎಳೆಸಿದ್ದರು. ಚಿಕ್ಕಪ್ಪ ಹೊರಗೇ ನಿಂತ. ಪರದೆ ನಮ್ಮ ಕಡೆಗೆ ತಿರುಗಿತ್ತು. ಡಾಕ್ಟರಮ್ಮ ಮಾತು ಶುರು ಮಾಡುವ ಮೊದಲೇ ಅಪ್ಪ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಗ್ಗಿದ. ಗಾಜು ನೋಡುವಾಗ ಮೂಗು ತಾಗುವಷ್ಟು ಹತ್ತಿರ ಹೋಗುವುದು ಅವನ ಅಭ್ಯಾಸ. ಕಪ್ಪು ಪರದೆಯ ಮೇಲೆ ಮಸುಕಾದ ಒಂದು ಮನುಷ್ಯ ಆಕಾರ. ಅದು ಅಪ್ಪ.

"ಇದು ತಲೆ. ಇದು ಹೃದಯ. ಇವು ಲೆಕ್ಕಕ್ಕಿಲ್ಲ," ಎಂದ. ಬೆರಳು ಕೆಳಗೆ ಇಳಿದು ಎದೆಗೂಡಿನ ತುದಿಯಲ್ಲಿ ನಿಂತಿತು. ಅಲ್ಲಿ ಒಂದು ಹಳದಿ ಹೊಳಪು. "ಇದು ನಂದು. ನೋಡು ಪುಟ್ಟಿ, ನೀನು ಇಂಟು ಹಾಕಿದ್ದು ಕರೆಕ್ಟ್ ಜಾಗಕ್ಕೇ."

ನಾನು ಹೂಂ ಎಂದೆ. ನನ್ನ ಕಣ್ಣು ಆಗಲೇ ಅಲ್ಲಿಂದ ಕೆಳಗೆ ಹೋಗಿತ್ತು. ಅಪ್ಪನ ಬೆರಳೂ ಮೆಲ್ಲಗೆ ಅತ್ತ ಸರಿಯಿತು. ಬಲಗಡೆ, ಪಕ್ಕೆಲುಬುಗಳ ಕೆಳಗೆ ಇನ್ನೊಂದು ಹೊಳಪು. ಅದರ ಪಕ್ಕದಲ್ಲಿ ಒಂದು ಚಿಕ್ಕದು. ಅವನು ಬೆರಳನ್ನು ಪರದೆಗೆ ತಾಗಿಸದೆ ಹಾಗೇ ಹಿಡಿದ.

"ಇವನ್ನ ಬಿಟ್ಟಿದ್ದೀಯಲ್ಲ," ಎಂದ, ಬೈಯುವ ದನಿಯಲ್ಲಲ್ಲ, ಕೆಲಸ ಕಲಿಸುವಾಗಿನ ದನಿಯಲ್ಲಿ.

ಡಾಕ್ಟರಮ್ಮ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿದರು. ಅಮ್ಮ ನಮ್ಮಿಬ್ಬರ ಮುಖವನ್ನೂ ನೋಡಿ, ಪರದೆಯನ್ನು ನೋಡಿ, ಮತ್ತೆ ಡಾಕ್ಟರಮ್ಮನನ್ನು ನೋಡಿದಳು.

"ಅಲ್ಲೂ ಎಲ್ಲರಿಗೂ ಹೊಳೆಯುತ್ತಾ, ಡಾಕ್ಟ್ರೇ?"

"ಇಲ್ಲಮ್ಮಾ," ಎಂದರು ಅವರು.

ಅಪ್ಪ ಕನ್ನಡಕ ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡ.